‘ಗೋಯಿಂಗ್ ಅಪ್ ದ ಕಂಟ್ರಿ’: ಹೊರಟವನು ಹೊರಟದ್ದು ಎಲ್ಲಿಗೆ?

ಪ್ರಶ್ನೆ: ಅಮೆರಿಕದ ‘ಕ್ಯಾನ್ಡ್ ಹೀಟ್’ ಬ್ಯಾಂಡಿನ ‘ಗೋಯಿಂಗ್ ಅಪ್ ದ ಕಂಟ್ರಿ’ ನನಗೆ ತುಂಬಾ ಇಷ್ಟದ ಹಾಡು. ಸಿಟಿಯ ಗಲಾಟೆ ಸಾಕಾಗಿ ಹಳ್ಳಿ ಕಡೆ ಹೋಗಿ ನೆಮ್ಮದಿಯಾಗಿ ಇರೋಣ ಅನ್ನುವ ಹಾಡು ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಮೊನ್ನೆ ಒಬ್ಬ ಗೆಳೆಯ, ಅದು ವಿಯೆಟ್ನಾಂ ಯುದ್ಧಕ್ಕೆ ಹೋಗದೆ ಕೆನಡಾಕ್ಕೆ ಓಡಿಹೋದವರ ಹಾಡು ಅಂದ. ಇನ್ನೊಬ್ಬ, ‘ನೀರು ವೈನ್ ಥರ ಇರುತ್ತೆ ಅಂದ್ರೆ ಡ್ರಗ್ಸ್ ಕಣೋ’ ಅಂದ. ಯಾವುದು ಸರಿ? ಅಷ್ಟು ಖುಷಿಯ ಹಾಡಿನ ಒಳಗೆ ಏನೋ ಕಳವಳ ಇದೆ ಅಂತ ನನಗೆ ಅನಿಸುವುದು ಸುಮ್ನೆ ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ, ನಿಮ್ಮ ಕಿವಿ ಸರಿಯಾಗಿಯೇ ಇದೆ. ಡ್ರಗ್ಸ್ ವಾದವನ್ನು ಪಕ್ಕಕ್ಕೆ ಇಡಬಹುದು, ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಅರ್ಥ, ಗೆಳೆಯನ ಅರ್ಥ ಎರಡೂ ಅರ್ಧರ್ಧ ಸರಿ. ಆದರೆ ಇವೆರಡಕ್ಕೂ ಹಳೆಯದಾದ ಇನ್ನೊಬ್ಬನ ಓಟ ಈ ಹಾಡಿನ ತಳದಲ್ಲಿದೆ. ಕಳವಳ ಬರುವುದು ಅಲ್ಲಿಂದ.

ಈ ಹಾಡು ಬಂದದ್ದು 1968ರಲ್ಲಿ. ಬರಿ ಅಲ್ಲಿಂದ ಕೇಳಿದರೆ ಪೂರ್ತಿ ಸಿಗುವುದಿಲ್ಲ. 40 ವರ್ಷ ಹಿಂದೆ ಹೋಗಬೇಕು. 1928ರಲ್ಲಿ ಹೆನ್ರಿ ಥಾಮಸ್ ಅನ್ನುವ ಕಪ್ಪು ಗಾಯಕ ಶಿಕಾಗೋದಲ್ಲಿ ವೊಕಾಲಿಯನ್ ಕಂಪನಿಗೆ ‘ಬುಲ್ ಡೋಜ್ ಬ್ಲೂಸ್’ ಅನ್ನುವ ಹಾಡು ರೆಕಾರ್ಡ್ ಮಾಡಿದ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನ ಕಟ್ಟಿದ ಹಾಡಿನ ಬಗೆ. ಅವನು ಹುಟ್ಟಿದ್ದು 1874ರಲ್ಲಿ, ಟೆಕ್ಸಾಸ್‌ನ ಬಿಗ್ ಸ್ಯಾಂಡಿ ಕಡೆ. ಅಪ್ಪ ಅಮ್ಮ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರು. ರೈಲು ಹತ್ತಿ ಊರೂರು ಅಲೆಯುತ್ತಾ, ನಿಲ್ದಾಣಗಳಲ್ಲಿ, ಬೀದಿಯಲ್ಲಿ ಹಾಡಿ ಬದುಕಿದವನು. ‘ರ್‍ಯಾಗ್‌ಟೈಮ್ ಟೆಕ್ಸಾಸ್’ ಅಂತ ಅಡ್ಡಹೆಸರು. ರೆಕಾರ್ಡಿಂಗ್‌ಗೆ ಕೂತಾಗ ವಯಸ್ಸು 50 ದಾಟಿತ್ತು. 1927ರಿಂದ 1929ರ ನಡುವೆ ಮಾಡಿದ 23 ಹಾಡುಗಳಷ್ಟೇ ಇವತ್ತು ನಮಗೆ ಸಿಗುವುದು.

ಥಾಮಸ್ ಗಿಟಾರ್ ಬಾರಿಸುತ್ತಲೇ ಕ್ವಿಲ್ಸ್ ಅನ್ನುವ ವಾದ್ಯ ಊದುತ್ತಿದ್ದ. ಉದ್ದಗಿಡ್ಡ ಜೊಂಡಿನ ಕೊಳವೆಗಳನ್ನು ಸಾಲಾಗಿ ಕಟ್ಟಿ ಮಾಡಿದ ವಾದ್ಯ ಅದು. ಅಮೆರಿಕದ ದಕ್ಷಿಣದ ಕಪ್ಪು ಜನರಲ್ಲಿ ಬಳಕೆಯಲ್ಲಿತ್ತು, ಆಮೇಲೆ ಹೆಚ್ಚುಕಮ್ಮಿ ಮರೆಯಾಯಿತು. ‘ಗೋಯಿಂಗ್ ಅಪ್ ದ ಕಂಟ್ರಿ’ ಶುರುವಾಗುವಾಗ ಒಂದು ಕೊಳಲು ಕುಣಿಯುತ್ತಾ ಬರುತ್ತದಲ್ಲ, ಆ ಧಾಟಿ ಥಾಮಸ್‌ನ ಕ್ವಿಲ್ಸ್‌ನಿಂದ ಹೆಚ್ಚುಕಮ್ಮಿ ಸ್ವರಕ್ಕೆ ಸ್ವರ ಎತ್ತಿಕೊಂಡದ್ದು. 1968ರಲ್ಲಿ ಅದನ್ನು ಕೊಳಲಲ್ಲಿ ನುಡಿಸಿದವನು ಜಿಮ್ ಹಾರ್ನ್ ಅನ್ನುವ ಸ್ಟುಡಿಯೋ ವಾದಕ. ಹಳ್ಳಿಗೆ ಕರೆಯುವ ದನಿ ಅಂತ ಲಕ್ಷಾಂತರ ಜನ ಕೇಳಿಸಿಕೊಂಡದ್ದು ಈ ಕೊಳಲನ್ನು. ಅದರ ಮೂಲ ಒಬ್ಬ ಅಲೆಮಾರಿಯ ಬಾಯಲ್ಲಿದ್ದ ಜೊಂಡು.

ಇನ್ನು ಹಳೆಯ ಹಾಡಿನ ಮಾತು. ಥಾಮಸ್ ಒಂದೊಂದು ಸಾಲನ್ನು ಮೂರು ಮೂರು ಸಲ ಹೇಳುತ್ತಾನೆ. ನಾನು ಹೊರಟೆ, ಜಾಸ್ತಿ ಹೊತ್ತಿಲ್ಲ. ಮೊಬೀಲ್ ಯಾರ್ಡಿನಿಂದ ರೈಲು ಹೊರಡುವುದು ಎಷ್ಟು ಖಚಿತವೋ ನಾನು ಹೊರಡುವುದೂ ಅಷ್ಟೇ ಖಚಿತ. ಟೆನೆಸ್ಸಿಗೆ ವಾಪಸ್ ಹೋಗುತ್ತೇನೆ. ನನ್ನನ್ನು ಯಾರೂ ಬುಲ್‌ಡೋಜ್ ಮಾಡದ ಕಡೆ ಹೋಗುತ್ತೇನೆ. ಇಲ್ಲಿ ಮಣ್ಣು ನೂಕುವ ಬುಲ್‌ಡೋಜರ್ ನೆನಪಿಸಿಕೊಳ್ಳಬೇಡಿ. ಆ ಯಂತ್ರಕ್ಕೆ ಆ ಹೆಸರು ಬೀಳುವುದಕ್ಕೆ ಎಷ್ಟೋ ಮೊದಲೇ, 1876ರ ಚುನಾವಣೆಯ ಹೊತ್ತಿಗೆ, ಲೂಸಿಯಾನಾ ಕಡೆ ಈ ಮಾತು ಓಡಾಡುತ್ತಿತ್ತು. ಕಪ್ಪು ಮತದಾರರನ್ನು ಚಾಟಿಯಿಂದ ಹೊಡೆದು, ಹೆದರಿಸಿ, ಕೊಂದು ಮತಗಟ್ಟೆಯಿಂದ ದೂರ ಇಡುವುದಕ್ಕೆ ಬುಲ್‌ಡೋಜ್ ಮಾಡುವುದು ಅನ್ನುತ್ತಿದ್ದರು. ಆಗ ಥಾಮಸ್ ಎರಡು ವರ್ಷದ ಮಗು. ಆ ಹೆದರಿಕೆಯ ಒಳಗೇ ಬೆಳೆದವನು. ಅವನು ಹೊರಟದ್ದು ಟ್ರಾಫಿಕ್ ಬೇಸರವಾಗಿ ಅಲ್ಲ, ಮೈ ಉಳಿಸಿಕೊಳ್ಳುವುದಕ್ಕೆ.

ಹೊಸ ಹಾಡು ಬರೆದವನು, ಹಾಡಿದವನು ಅಲನ್ ವಿಲ್ಸನ್. ಹುಟ್ಟಿದ್ದು 1943ರಲ್ಲಿ, ಬಾಸ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದವನು. ದಪ್ಪ ಕನ್ನಡಕ, ದೃಷ್ಟಿ ಅಷ್ಟಕ್ಕಷ್ಟೆ, ಅದಕ್ಕೇ ‘ಬ್ಲೈಂಡ್ ಔಲ್’ ಅಂತ ಅಡ್ಡಹೆಸರು. ಇಟ್ಟವನು ಗಿಟಾರ್ ವಾದಕ ಜಾನ್ ಫೇಹಿ. ಹಳೆಯ ಬ್ಲೂಸ್ ರೆಕಾರ್ಡ್‌ಗಳನ್ನು ವಿಲ್ಸನ್ ಕೇಳುತ್ತಿದ್ದ ರೀತಿ ಬೇರೆಯೇ. ಸನ್ ಹೌಸ್ ಅನ್ನುವ ಮಹಾನ್ ಬ್ಲೂಸ್ ಗಾಯಕನನ್ನು 1964ರಲ್ಲಿ ಹುಡುಕಿ ತೆಗೆದಾಗ, ಆ ಹಿರಿಯನಿಗೆ ತನ್ನ ಹಾಡುಗಳೇ ಮರೆತುಹೋಗಿದ್ದವು. ಎದುರು ಕೂತು, ‘ನೀವು 1930ರಲ್ಲಿ ಹೀಗೆ ನುಡಿಸಿದ್ದಿರಿ’ ಅಂತ ಅವನದ್ದೇ ಹಾಡನ್ನು ಅವನಿಗೆ ನುಡಿಸಿ ತೋರಿಸಿದವನು ಈ 21ರ ಹುಡುಗ. ಅಂಥವನು ಥಾಮಸ್‌ನ ಹಾಡಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಧಾಟಿಯಷ್ಟೇ ಕದ್ದ ಅಂತ ಹೇಳಲು ಬರುವುದಿಲ್ಲ. ಹಾಗಂತ ರಚನೆ ಪೂರ್ತಿ ವಿಲ್ಸನ್ ಹೆಸರಿನಲ್ಲೇ ಇದೆ ಅನ್ನುವುದೂ ನಿಜ. ಥಾಮಸ್‌ಗೂ ಅಲ್ಲಿ ಒಂದು ಜಾಗ ಇರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಆದ್ದರಿಂದ ಈ ಹಾಡನ್ನು ಅರ್ಥ ಮಾಡಿಕೊಳ್ಳಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಒಂದೇ. ವಿಲ್ಸನ್ ಹಳೆಯದರಲ್ಲಿ ಏನು ಉಳಿಸಿಕೊಂಡ, ಏನು ಬಿಟ್ಟ, ಏನು ಹೊಸದಾಗಿ ಸೇರಿಸಿದ ಅಂತ ನೋಡುವುದು.

ಮೊದಲ ಚರಣ ನೋಡಿ. ಕಂಟ್ರಿ ಕಡೆ ಹೊರಟೆ, ನೀನೂ ಬರ್ತೀಯಾ ಅಂತ ಗೆಳತಿಯನ್ನು ಕೇಳುತ್ತಾನೆ. ಅದನ್ನೇ ಇನ್ನೊಮ್ಮೆ ಹೇಳುತ್ತಾನೆ. ಮೂರನೇ ಸಾಲಿನಲ್ಲಿ, ನಾನು ಯಾವತ್ತೂ ಹೋಗಿರದ ಜಾಗಕ್ಕೆ ಹೊರಟಿದ್ದೇನೆ ಅನ್ನುತ್ತಾನೆ. ಎರಡು ಸಲ ಒಂದೇ ಮಾತು, ಮೂರನೆಯದರಲ್ಲಿ ಉತ್ತರ. ಇದು ಬ್ಲೂಸ್‌ನ ಮಾಮೂಲಿ ಕಟ್ಟು. ‘ಕಂಟ್ರಿ ಕಡೆ ಹೊರಟೆ, ಬರ್ತೀಯಾ’ ಅನ್ನುವುದೂ ವಿಲ್ಸನ್ ಹೊಸೆದ ಸಾಲಲ್ಲ. ಬ್ಲೈಂಡ್ ವಿಲಿ ಮೆಕ್‌ಟೆಲ್‌ನ 1928ರ ‘ಸ್ಟೇಟ್ಸ್‌ಬೊರೊ ಬ್ಲೂಸ್’ನಲ್ಲೂ ಇದೆ. ಯಾರು ಬೇಕಾದರೂ ಎತ್ತಿ ತಮ್ಮ ಹಾಡಿಗೆ ಸೇರಿಸಿಕೊಳ್ಳುತ್ತಿದ್ದ ಸಾಲು.

ನಾವು ಕನ್ನಡದವರು ಎಡವುವುದು ಇಲ್ಲೇ. ಸಿಟಿ ಬಿಟ್ಟು ಹಳ್ಳಿಗೆ ಅಂದ ಕೂಡಲೇ ನಮಗೆ ನಮ್ಮ ಊರು ನೆನಪಾಗುತ್ತದೆ. ಅಜ್ಜಿ ಮನೆ, ತೋಟ, ಕೆರೆ, ಬೇಸಿಗೆ ರಜೆ. ಈ ಹಾಡಿನಲ್ಲಿ ಅದೊಂದೂ ಇಲ್ಲ. ಥಾಮಸ್ ಟೆನೆಸ್ಸಿಗೆ ‘ವಾಪಸ್’ ಹೊರಟಿದ್ದ. ವಿಲ್ಸನ್ ಆ ವಾಪಸ್ಸನ್ನು ಬಿಟ್ಟುಬಿಟ್ಟ. ಅವನು ಹೋಗುತ್ತಿರುವುದು ಕಂಡೇ ಇಲ್ಲದ ಜಾಗಕ್ಕೆ. ಆ ಜಾಗಕ್ಕೆ ಹೆಸರಿಲ್ಲ, ಅಲ್ಲಿ ಕಾಯುತ್ತಿರುವವರು ಯಾರೂ ಇಲ್ಲ. ಇಡೀ ಹಾಡಿನಲ್ಲಿ ಒಂದು ಹೊಲ ಇಲ್ಲ, ಒಂದು ದನ ಇಲ್ಲ, ಒಂದು ಮರ ಕೂಡ ಇಲ್ಲ. ಇರುವುದು ನೀರು ಮಾತ್ರ. ಬೇಕಾದರೆ ಮತ್ತೆ ಕೇಳಿ ನೋಡಿ.

ಆ ನೀರಿನ ವಿಷಯಕ್ಕೆ ಬರೋಣ. ನೀರು ವೈನ್‌ನಂತೆ ರುಚಿಸುವ ಕಡೆಗೆ ಹೋಗೋಣ, ನೀರಿಗೆ ಹಾರಿ ಇಡೀ ಹೊತ್ತು ಮತ್ತಿನಲ್ಲಿರೋಣ ಅನ್ನುತ್ತಾನೆ. 1968ರ ಹಿಪ್ಪಿಗಳು ಇದನ್ನು ಕೇಳಿ ಕಣ್ಣು ಮಿಟುಕಿಸಿರಬಹುದು, ಅದು ಬೇರೆ ಮಾತು. ಸಾಲಿನ ಹುಟ್ಟು ಮಾತ್ರ ಹಳೆಯದು. ‘ಗೋಯಿಂಗ್ ಡೌನ್ ದ ರೋಡ್ ಫೀಲಿಂಗ್ ಬ್ಯಾಡ್’ ಅನ್ನುವ ಜನಪದ ಹಾಡಿನಲ್ಲಿ ಇದೇ ಮಾತು ಬರುತ್ತದೆ. ಹಳೆಯ ಬ್ಲೂಸ್‌ನಲ್ಲಿ ಇದಕ್ಕೊಂದು ಜೋಡಿ ಸಾಲೂ ಇತ್ತು: ಇಲ್ಲಿನ ನೀರು ಟರ್ಪೆಂಟೈನ್ (ಬಣ್ಣಕ್ಕೆ ಬೆರೆಸುವ ಘಾಟು ಎಣ್ಣೆ) ಥರ ಇದೆ. ಕೆಟ್ಟ ಕೂಲಿ, ಕೆಟ್ಟ ಊಟ, ಕುಡಿಯಲಾಗದ ನೀರು ಕಂಡವರು ಕಟ್ಟಿಕೊಂಡ ಕನಸು ಅದು. ಹ್ಯಾರಿ ಮೆಕ್‌ಕ್ಲಿಂಟಾಕ್ 1928ರಲ್ಲೇ ರೆಕಾರ್ಡ್ ಮಾಡಿದ ‘ಬಿಗ್ ರಾಕ್ ಕ್ಯಾಂಡಿ ಮೌಂಟನ್ಸ್’ನಲ್ಲೂ ಬಂಡೆಗಳಿಂದ ಮದ್ಯದ ತೊರೆ ಹರಿಯುತ್ತದೆ. ಹೊಟ್ಟೆ ತುಂಬದ ಅಲೆಮಾರಿಗಳ ಸ್ವರ್ಗ ಯಾವತ್ತೂ ಹೀಗೇ. ವಿಲ್ಸನ್ ಅಲ್ಲಿನ ವೈನ್ ಉಳಿಸಿಕೊಂಡ, ಇಲ್ಲಿನ ಟರ್ಪೆಂಟೈನ್ ಬಿಟ್ಟ. ನಿಮ್ಮ ಎರಡನೇ ಗೆಳೆಯನಿಗೆ ಇಷ್ಟು ಸಾಕು.

ಮುಂದಿನ ಚರಣದಲ್ಲಿ ಸಿಟಿ ಬರುತ್ತದೆ. ಈ ಊರು ಬಿಡಬೇಕು, ಈ ಜಗಳ ಹೊಡೆದಾಟದ ನಡುವೆ ಇರಕ್ಕಾಗಲ್ಲ ಅನ್ನುತ್ತಾನೆ. ಆಧುನಿಕ ಬದುಕಿನಿಂದ ಓಡಿಹೋಗುವ ಹಾಡು ಅನ್ನುತ್ತೇವಲ್ಲ, ಆ ಆಧುನಿಕ ಬದುಕಿನ ಮೇಲೆ ಹಾಡಿನಲ್ಲಿರುವ ದೂರು ಇದೊಂದೇ. ಹೊಗೆ, ಕಾರ್ಖಾನೆ, ಆಫೀಸು, ಟಿವಿ ಯಾವುದರ ಮಾತೂ ಇಲ್ಲ. ಬರಿ ಜಗಳ. 1968ರ ಅಮೆರಿಕದಲ್ಲಿ ಹಾಗಂದರೆ ಏನು ಅಂತ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, ಬೆನ್ನಿಗೇ ಹತ್ತಾರು ನಗರಗಳಲ್ಲಿ ಬೆಂಕಿ. ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆ. ಆಗಸ್ಟ್‌ನಲ್ಲಿ ಶಿಕಾಗೋದ ಬೀದಿಯಲ್ಲಿ ಯುದ್ಧ ವಿರೋಧಿ ಹುಡುಗರ ಮೇಲೆ ಪೊಲೀಸರ ಲಾಠಿ. ನವೆಂಬರ್‌ನಲ್ಲಿ ಈ ಹಾಡು ಸಿಂಗಲ್ ಆಗಿ ಹೊರಬಂತು. 1969ರ ಆರಂಭದಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಏರಿತು.

ಈಗ ನಿಮ್ಮ ಮೊದಲ ಗೆಳೆಯನ ವಾದ. ಇಲ್ಲಿ ಹಾಡಿನ ನಡಿಗೆಯೇ ಬದಲಾಗುತ್ತದೆ. ಎರಡು ಸಲ ಹೇಳುವ ಕಟ್ಟು ಬಿಟ್ಟು ವಿಲ್ಸನ್ ಒಂದೇ ಉಸಿರಿಗೆ ಹೇಳುತ್ತಾನೆ: ಪೆಟ್ಟಿಗೆ ಕಟ್ಟು, ಇವತ್ತೇ ಹೊರಡಬೇಕು. ಎಲ್ಲಿಗೆ ಅಂತ ಸರಿಯಾಗಿ ಹೇಳಕ್ಕಾಗಲ್ಲ. ಅಮೆರಿಕ ಬಿಟ್ಟೇ ಹೋದರೂ ಹೋಗಬಹುದು. ಹೊಸ ಆಟ ಒಂದಿದೆ, ಅದನ್ನು ಆಡಬೇಕು.

ಥಾಮಸ್‌ನಲ್ಲಿ ದೇಶ ಬಿಡುವ ಮಾತೇ ಇಲ್ಲ. ಇದು ಪೂರ್ತಿ ವಿಲ್ಸನ್ ಸೇರಿಸಿದ್ದು. 1968ರಲ್ಲಿ 20ರ ಆಸುಪಾಸಿನ ಅಮೆರಿಕನ್ ಹುಡುಗ ದೇಶ ಬಿಡಬಹುದು ಅಂದರೆ ಕೇಳುವವನಿಗೆ ಮೊದಲು ಹೊಳೆಯುತ್ತಿದ್ದುದು ಕಡ್ಡಾಯ ಸೇನಾ ಭರ್ತಿ. ಕಾಲೇಜಿನಲ್ಲಿ ಇರುವ ತನಕ ವಿನಾಯಿತಿ, ಆಮೇಲೆ ಕರೆಪತ್ರ. ಒಪ್ಪದಿದ್ದರೆ 5 ವರ್ಷದವರೆಗೆ ಜೈಲು. ಸಾವಿರಾರು ಹುಡುಗರು ಕೆನಡಾದ ಗಡಿ ದಾಟಿದರು. ವಲಸೆ ಬರುವವರ ಸೇನಾ ದಾಖಲೆ ಕೇಳುವುದಿಲ್ಲ ಅಂತ 1969ರ ಮೇ ತಿಂಗಳಲ್ಲಿ ಕೆನಡಾ ಸರ್ಕಾರ ಸ್ಪಷ್ಟ ಮಾಡಿತು. ಹೀಗೆ ಹೋದವರಿಗೆ ಅಧ್ಯಕ್ಷ ಕಾರ್ಟರ್ ಕ್ಷಮೆ ಕೊಟ್ಟದ್ದು 1977ರ ಜನವರಿಯಲ್ಲಿ. ಈ ಹಿನ್ನೆಲೆಯಲ್ಲಿ ‘ಎಲ್ಲಿಗೆ ಅಂತ ಹೇಳಕ್ಕಾಗಲ್ಲ’ ಅನ್ನುವ ಸಾಲು ಕೇಳಿ. ಇನ್ನೂ ತೀರ್ಮಾನ ಆಗಿಲ್ಲ ಅಂತಲೂ ಇರಬಹುದು, ಬಾಯಿ ಬಿಡುವ ಹಾಗಿಲ್ಲ ಅಂತಲೂ ಇರಬಹುದು. ಇವತ್ತೇ ಹೊರಡಬೇಕು ಅನ್ನುವ ಅವಸರಕ್ಕೂ ಆಗ ಅರ್ಥ ಬರುತ್ತದೆ. ತೋಟ ಮಾಡಲು ಹೋಗುವವನಿಗೆ ಅಷ್ಟು ಅವಸರ ಯಾಕೆ?

ಆದರೂ ಇಡೀ ಹಾಡನ್ನು ಕೆನಡಾದ ಗಡಿಗೆ ಕಟ್ಟಿಹಾಕಿದರೆ ನಾನು ಒಪ್ಪುವುದಿಲ್ಲ. ಹಾಡಿನಲ್ಲಿ ಕೆನಡಾ ಇಲ್ಲ, ಸೈನ್ಯ ಇಲ್ಲ, ಯುದ್ಧ ಇಲ್ಲ. ‘ಹೋದರೂ ಹೋಗಬಹುದು’ ಅಂತಷ್ಟೇ ಇದೆ. ಇನ್ನೊಂದು ಮುಖ್ಯ ಮಾತು: ಕಾಡಿನ ಮೇಲಿನ ಪ್ರೀತಿ ವಿಲ್ಸನ್‌ಗೆ ಫ್ಯಾಷನ್ ಆಗಿರಲಿಲ್ಲ. ಗಿಡಮರಗಳ ಪುಸ್ತಕ ಓದುತ್ತಿದ್ದ. ಎಷ್ಟೋ ರಾತ್ರಿ ಮನೆ, ಹೋಟೆಲ್ ಬಿಟ್ಟು ಹೊರಗೆ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗುತ್ತಿದ್ದ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಅಂತ ಜಗತ್ತೇ ಕುಣಿಯುತ್ತಿದ್ದಾಗ, ಇವನು ‘ಪುವರ್ ಮೂನ್’ ಅಂತ ಹಾಡು ಮಾಡಿ, ಇವರು ನಿನ್ನನ್ನೂ ಹಾಳು ಮಾಡುತ್ತಾರಲ್ಲ ಅಂತ ಚಂದ್ರನಿಗೇ ಮರುಗಿದ. 1970ರ ‘ಫ್ಯೂಚರ್ ಬ್ಲೂಸ್’ ಆಲ್ಬಮ್ಮಿನ ಹೊದಿಕೆಯಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ಕಡಿತದ ಬಗ್ಗೆ ಲೇಖನವನ್ನೇ ಬರೆದ. ರಾಕ್ ಆಲ್ಬಮ್ಮಿನಲ್ಲಿ ಮರದ ಬಗ್ಗೆ ಲೇಖನ! ಹಾಗಾಗಿ ನಿಮ್ಮ ‘ಸಿಟಿ ಬಿಟ್ಟು ಹೋಗುವ ಹಾಡು’ ಅನ್ನುವ ಅರ್ಥಕ್ಕೂ ಗಟ್ಟಿ ಆಧಾರ ಇದೆ. ಅದು ಹಾಡಿನ ಸಾಲುಗಳಿಗಿಂತ ಹಾಡಿದವನ ಬದುಕಿನಲ್ಲಿ ಜಾಸ್ತಿ ಇದೆ, ಅಷ್ಟೇ.

ಎಲ್ಲರೂ ಹಾರಿಸಿಬಿಡುವ ಚರಣ ಕೊನೆಯದು. ಅಷ್ಟು ಹೊತ್ತಿಗೆ ಕೊಳಲಿಗೆ ತಲೆದೂಗುತ್ತಾ ಕೂತಿರುತ್ತೇವೆ, ಮಾತಿನ ಕಡೆ ಗಮನ ಇರುವುದಿಲ್ಲ. ಅಲ್ಲಿ ವಿಲ್ಸನ್ ಹೇಳುವುದು ಹೀಗೆ: ಓಡಿ ಪ್ರಯೋಜನ ಇಲ್ಲ, ಕಿರುಚಿ ಅತ್ತು ಪ್ರಯೋಜನ ಇಲ್ಲ, ನನಗೊಂದು ಮನೆ ಇರುವ ತನಕ ನಿನಗೂ ಮನೆ ಇದೆ. ಗಮನಿಸಿದಿರಾ? ಓಡಿಹೋಗುವ ಹಾಡು ಓಡಬೇಡ ಅಂತ ಮುಗಿಯುತ್ತದೆ. ಇಷ್ಟು ಹೊತ್ತು ಕುಣಿಯುತ್ತಿದ್ದ ಹಾಡಿನೊಳಗೆ ಒಬ್ಬಳು ಅಳುತ್ತಿದ್ದಾಳೆ ಅಂತ ಗೊತ್ತಾಗುವುದೂ ಇಲ್ಲೇ. ಬರ್ತೀಯಾ ಅಂತ ಮೊದಲಲ್ಲಿ ಕೇಳಿದ್ದ. ಅವಳಿಗೆ ಬರಲು ಮನಸ್ಸಿಲ್ಲವೋ, ಹೆದರಿಕೆಯೋ, ಹಾಡು ಬಿಡಿಸಿ ಹೇಳುವುದಿಲ್ಲ. ಅವನು ಕೊಡುವ ಭರವಸೆಯಾದರೂ ಎಂಥದು? ನನ್ನ ಮನೆ ಇರುವ ತನಕ ಅಂತ. ಎಲ್ಲಿಗೆ ಹೋಗುತ್ತೇನೆ ಅಂತಲೇ ಹೇಳಲಾಗದವನ ಮನೆ ಎಲ್ಲಿದೆ? ಥಾಮಸ್ ತನ್ನ ಹಾಡಿನ ಕೊನೆಗೆ, ನಾನು ಮುಳುಗುತ್ತಿದ್ದೇನೆ ಅಂತ ನಂಬಿಕೆ ಇಲ್ಲದಿದ್ದರೆ ನಾನು ಬಿದ್ದಿರುವ ಗುಂಡಿ ನೋಡು ಅನ್ನುತ್ತಾನೆ. ವಿಲ್ಸನ್ ಆ ಗುಂಡಿಯ ಜಾಗದಲ್ಲಿ ಮನೆ ತಂದಿಟ್ಟ. ಆ ಮನೆಯ ಗೋಡೆ ಅಷ್ಟೇನೂ ಗಟ್ಟಿ ಇಲ್ಲ ಅಂತ ನನಗನಿಸುತ್ತದೆ.

ಕಳವಳಕ್ಕೆ ಇನ್ನೊಂದು ಕಾರಣ ದನಿ. ಈ ಬ್ಯಾಂಡಿನಲ್ಲಿ ಜಾಸ್ತಿ ಹಾಡುಗಳನ್ನು ಹಾಡುತ್ತಿದ್ದವನು ಬಾಬ್ ಹೈಟ್. ದೊಡ್ಡ ಆಳು, ಗಡಸು ಕಂಠ. ಈ ಹಾಡನ್ನು ಅವನು ಹಾಡಿದ್ದರೆ ಪಿಕ್‌ನಿಕ್ ಹೊರಟ ಬಸ್ಸಿನ ಹಾಡಾಗಿಬಿಡುತ್ತಿತ್ತು. ವಿಲ್ಸನ್‌ದು ತೆಳ್ಳಗಿನ, ಮೇಲಿನ ಸ್ಥಾಯಿಯ ದನಿ. ಮಿಸಿಸಿಪ್ಪಿಯ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್‌ನ ಹಾಡುಗಾರಿಕೆಯಿಂದ ಕಲಿತದ್ದು. ಅದರಲ್ಲಿ ಉತ್ಸಾಹಕ್ಕಿಂತ ಒಂಟಿತನ ಜಾಸ್ತಿ. ಕೆಳಗೆ ಲ್ಯಾರಿ ಟೇಲರ್‌ನ ಬೇಸ್, ಫಿಟೊ ಡಿ ಲಾ ಪಾರಾನ ಡ್ರಮ್ಸ್ ಉತ್ಸಾಹದಿಂದ ನೂಕುತ್ತಿರುತ್ತವೆ. ಮೇಲೆ ಈ ದನಿ ಯಾರ ಕೈಗೂ ಸಿಗದೆ ತೇಲುತ್ತಿರುತ್ತದೆ. 1968ರದ್ದೇ ಆದ ‘ಆನ್ ದ ರೋಡ್ ಅಗೇನ್’ನಲ್ಲೂ ಇದೇ ದನಿ. ಅಲ್ಲಿ ಹಿಂದೆ ಒಂದೇ ಸಮ ಗುಂಯ್‌ಗುಡುವುದು ನಮ್ಮ ತಂಬೂರಿ. ನುಡಿಸಿದವನೂ ವಿಲ್ಸನ್ನೇ. ಅದನ್ನೂ ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಹಾಗಾದರೆ ಇಡೀ ಜಗತ್ತು ಇದನ್ನು ಖುಷಿಯ ಹಳ್ಳಿ ಹಾಡು ಅಂತ ಯಾಕೆ ಕೇಳಿಸಿಕೊಂಡಿತು? ಅದಕ್ಕೆ ನ್ಯೂಯಾರ್ಕ್ ರಾಜ್ಯದಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತ ಹಬ್ಬ ಕಾರಣ. 1969ರ ಆಗಸ್ಟ್ 16ರ ಸಂಜೆ ಕ್ಯಾನ್ಡ್ ಹೀಟ್ ಅಲ್ಲಿ ನುಡಿಸಿತು. 1970ರ ಸಾಕ್ಷ್ಯಚಿತ್ರದಲ್ಲಿ ಈ ಹಾಡಿನ ಸ್ಟುಡಿಯೋ ರೆಕಾರ್ಡಿಂಗ್ ಬಳಸಿಕೊಂಡರು. ಅಲ್ಲಿಂದ ಹಾಡು ಆ ಹಬ್ಬದ ಗುರುತೇ ಆಗಿಬಿಟ್ಟಿತು. ಮಾತು ಹಿಂದೆ ಸರಿದು ಕೊಳಲು, ಹಸಿರು, ಉದ್ದ ಕೂದಲು ಮುಂದೆ ಬಂದವು. ಅಲ್ಲಿ ನಿಜಕ್ಕೂ ಆದದ್ದೇನು ಅಂತ ನೋಡಿದರೆ ನಗು ಬರುತ್ತದೆ. ಸಿಟಿ ಬೇಡ ಅಂತ ಸುಮಾರು 4 ಲಕ್ಷ ಜನ ಬೆತೆಲ್‌ನಲ್ಲಿ ಮ್ಯಾಕ್ಸ್ ಯಾಸ್ಗರ್ ಅನ್ನುವವರ ಹೈನು ಫಾರ್ಮಿಗೆ ನುಗ್ಗಿದರು. ಮೈಲುಗಟ್ಟಲೆ ಟ್ರಾಫಿಕ್ ಜಾಮ್. ಊಟ ಸಾಲಲಿಲ್ಲ, ಶೌಚಾಲಯ ಸಾಲಲಿಲ್ಲ, ಮಳೆಗೆ ನೆಲ ಪೂರ್ತಿ ಕೆಸರು. ವೈದ್ಯರು, ಔಷಧಿ ಬರಲು ಹೆಲಿಕಾಪ್ಟರ್ ಬೇಕಾಯಿತು. ಮೂರು ದಿನದ ಮಟ್ಟಿಗೆ ಅದೇ ಒಂದು ದೊಡ್ಡ ನಗರ.

ವಿಲ್ಸನ್ 1970ರ ಸೆಪ್ಟೆಂಬರ್ 3ರಂದು ತೀರಿಕೊಂಡ. ಕ್ಯಾಲಿಫೋರ್ನಿಯಾದ ಟೊಪಾಂಗಾ ಕಣಿವೆಯಲ್ಲಿ, ಬಾಬ್ ಹೈಟ್ ಮನೆಯ ಹಿಂದಿನ ಗುಡ್ಡದಲ್ಲಿ, ಅವನು ಮಲಗುತ್ತಿದ್ದ ಬಯಲಲ್ಲೇ. ವಯಸ್ಸು 27. ನಿದ್ದೆ ಮಾತ್ರೆ ಅತಿಯಾದದ್ದು ಕಾರಣ, ಆಕಸ್ಮಿಕ ಅಂತ ದಾಖಲಾಯಿತು. ಇದನ್ನು ಹಿಡಿದುಕೊಂಡು ಎರಡು ವರ್ಷ ಹಿಂದಿನ ಹಾಡಿಗೆ ಸಾವಿನ ಅರ್ಥ ಹಚ್ಚುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಹಾಡು ಬರೆದ ಹೊತ್ತಿಗೆ ಅವನು ಹೊಸ ಆಟ ಆಡಲು ಹೊರಟಿದ್ದ ಹುಡುಗ, ಅಷ್ಟೇ.

ನೀವು ನಿಮ್ಮ ಅರ್ಥವನ್ನು ಬಿಟ್ಟುಕೊಡಬೇಕಾಗಿಲ್ಲ. ಗೆಳೆಯನ ಕೆನಡಾವನ್ನು ಒಂದು ಚರಣದ ಮಟ್ಟಿಗೆ ಒಪ್ಪಿಕೊಳ್ಳಿ. ಆದರೆ ಹೊರಡುವ ಆತುರ ಮೊದಲು ಯಾರದ್ದಾಗಿತ್ತು ಅನ್ನುವುದು ಮನಸ್ಸಿನಲ್ಲಿರಲಿ. ಮುಂದಿನ ಸಲ ಮೊದಲು ‘ಬುಲ್ ಡೋಜ್ ಬ್ಲೂಸ್’ ಹಾಕಿ, ಬೆನ್ನಿಗೇ ಇದನ್ನು ಹಾಕಿ. ಹಳೆಯದರಲ್ಲಿ ಗೀಚು ಸದ್ದು ಜಾಸ್ತಿ, ಆದರೆ ಕ್ವಿಲ್ಸ್ ಬಂದ ಕ್ಷಣ ಗುರುತು ಸಿಗುತ್ತದೆ. ಸಮಯ ಇದ್ದರೆ ಥಾಮಸ್‌ನ ‘ರೈಲ್‌ರೋಡಿನ್ ಸಮ್’ ಕೂಡ ಹುಡುಕಿ. ಫೋರ್ಟ್ ವರ್ತ್‌ನಿಂದ ಶಿಕಾಗೋವರೆಗೆ ಒಂದೊಂದೇ ನಿಲ್ದಾಣದ ಹೆಸರು ಕೂಗುತ್ತಾ, ನಡುನಡುವೆ ಕ್ವಿಲ್ಸ್‌ನಲ್ಲಿ ರೈಲಿನ ಸಿಳ್ಳೆ ಹಾಕುತ್ತಾ ಹೋಗುತ್ತಾನೆ. ಒಂದು ಊರಿನ ಹೆಸರೂ ಇಲ್ಲದ ವಿಲ್ಸನ್ ಹಾಡಿನ ಪಕ್ಕದಲ್ಲಿಟ್ಟು ಕೇಳಲು ಅದಕ್ಕಿಂತ ಒಳ್ಳೆಯ ಹಾಡು ನನಗೆ ಗೊತ್ತಿಲ್ಲ.